ಕರ್ತನ ಸನ್ನೆ ಸೊಂಟದವರೆಗೆ ಕಾಣಬೇಕು: ಕಿವುಡರ ಚರ್ಚಿಗೊಂದು ಮರದ ವೇದಿಕೆ

ಅಮೆರಿಕನ್ ಸಂಜ್ಞೆ ಭಾಷೆಯಲ್ಲಿ ‘ಕರ್ತ’ (ಪ್ರಭು) ಎನ್ನಬೇಕಾದರೆ ಬಲಗೈಯ ಹೆಬ್ಬೆರಳು, ತೋರುಬೆರಳು ಬಿಡಿಸಿ ಎಲ್ ಅಕ್ಷರದ ಆಕಾರ ಮಾಡಿ, ಎಡ ಭುಜದಿಂದ ಓರೆಯಾಗಿ ಬಲ ಸೊಂಟದವರೆಗೆ ಇಳಿಸುತ್ತಾರೆ. ‘ಕ್ರಿಸ್ತ’ನಿಗೂ ಅದೇ ದಾರಿ, ಕೈಯ ಆಕಾರ ಮಾತ್ರ ಸಿ. ‘ಅರಸ’ನಿಗೆ ಕೆ. ಈಗ ಈ ಸನ್ನೆ ಮಾಡುವವರ ಮುಂದೆ 45 ಇಂಚು ಎತ್ತರದ ಓಕ್ ಮರದ ಪ್ರಸಂಗಪೀಠ (ಪಾದ್ರಿ ಹಿಂದೆ ನಿಂತು ಬೋಧಿಸುವ ಎತ್ತರದ ಮೇಜು) ನಿಲ್ಲಿಸಿ ನೋಡಿ. ಕೈ ಎದೆಯಿಂದ ಕೆಳಗೆ ಇಳಿಯುತ್ತಿದ್ದಂತೆ ಮಾಯ. ಆರಾಧನೆಯಲ್ಲಿ ಹೆಚ್ಚು ಬಳಕೆಯಾಗುವ ಪದಗಳೇ ಅರ್ಧಕ್ಕೆ ತುಂಡಾಗುತ್ತವೆ.

ಈ ಪ್ರಕರಣದ ತಿರುಳು ಇಷ್ಟೇ. ಕಿವುಡರ ಸಭೆಗೆ, ಎಂದರೆ ಚರ್ಚಿನಲ್ಲಿ ಸೇರುವ ಸಮುದಾಯಕ್ಕೆ, ಮರದ ಕೆಲಸ ಮಾಡುವಾಗ ಅಳತೆ ಹುಟ್ಟಬೇಕಾದ್ದು ಕುರ್ಚಿಯಲ್ಲಿ ಕೂತವರ ಕಣ್ಣಿನಿಂದ. ಮರ, ಸ್ಕ್ರೂ, ಬಣ್ಣದ ಮಾತೆಲ್ಲ ಆಮೇಲೆ. (‘ಕಿವುಡರು’ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇವೆ. ಸಂಜ್ಞೆ ಭಾಷೆಯಲ್ಲಿ ಬಾಳುವ ಸಮುದಾಯ ತನ್ನನ್ನು ಕರೆದುಕೊಳ್ಳುವುದೇ ಹಾಗೆ. ‘ದೋಷವುಳ್ಳವರು’ ಎಂಬ ಸುತ್ತುಮಾತು ಅವರಿಗೆ ರುಚಿಸದು.) ಅಮೆರಿಕದಲ್ಲಿ ನಡೆಯುವ ಇಂಥ ಕೆಲಸಗಳ ಅನುಭವವನ್ನು ಒಂದೇ ಚರ್ಚು, ಒಬ್ಬಳೇ ಸ್ವಯಂಸೇವಕಿ ಎಂಬ ರೂಪಕ್ಕೆ ಇಲ್ಲಿ ಜೋಡಿಸಿದೆ. ಊರು, ಹೆಸರು ಬಿಟ್ಟಿದೆ.

ಕಿವುಡರಿಗೆಂದೇ ಚರ್ಚು ಎಂಬುದು ಅಲ್ಲಿ ಹೊಸದಲ್ಲ. ಥಾಮಸ್ ಗ್ಯಾಲೊಡೆಟ್ 1852ರಲ್ಲಿ ನ್ಯೂಯಾರ್ಕಿನಲ್ಲಿ ಸೇಂಟ್ ಆ್ಯನ್ಸ್ ಚರ್ಚನ್ನು ಕಿವುಡರಿಗಾಗಿ ಆರಂಭಿಸಿದರು. ಕಿವುಡರೇ ಆದ ಹೆನ್ರಿ ವಿಂಟರ್ ಸೈಲ್ 1883ರಲ್ಲಿ ಎಪಿಸ್ಕೋಪಲ್ ಎಂಬ ಕ್ರೈಸ್ತ ಪಂಥದ ಪಾದ್ರಿಯಾಗಿ ದೀಕ್ಷೆ ಪಡೆದರು. ಇಷ್ಟು ಹಳೆಯ ಪರಂಪರೆ ಇದ್ದರೂ ಇಂದಿನ ಎಷ್ಟೋ ಸಣ್ಣ ಸಭೆಗಳು ಕೇಳುವವರು (ಕಿವಿ ಕೇಳಿಸುವವರು) ಬಿಟ್ಟುಹೋದ ಕಟ್ಟಡದಲ್ಲೋ ಅವರಿಂದ ಪಡೆದ ಹಾಲಿನಲ್ಲೋ ಸೇರುತ್ತವೆ. ಪೀಠ, ಸಾಲು ಕುರ್ಚಿ, ಬೆನ್ನ ಹಿಂದಿನ ದೊಡ್ಡ ಕಿಟಕಿ, ಎಲ್ಲವೂ ಕಿವಿಗಾಗಿ ಕಟ್ಟಿದ್ದು.

ನಮ್ಮ ಚರ್ಚಿನ ಹಾಲು 44 ಅಡಿ ಅಗಲ, ಕಾಂಕ್ರೀಟ್ ನೆಲ. ಆರು ಕುರ್ಚಿಯ ಆರು ಸಾಲು, ಒಟ್ಟು 36. ವೇದಿಕೆ ಎಂದರೆ 6 ಇಂಚಿನ ಒಂದು ಕಟ್ಟೆ, ಅದರ ಮೇಲೆ ಆ ಓಕ್ ಪೀಠ. ಇದನ್ನು ಬದಲಿಸುವ ಕೆಲಸ ಹೊತ್ತವಳು ಹದಿನೇಳು ವರ್ಷದ ಸ್ಕೌಟ್. ಕಿವಿ ಕೇಳುತ್ತದೆ, ಸಂಜ್ಞೆ ಭಾಷೆ ಬಾರದು.

ನಿಯಮದ ಬೇಲಿ

ಈಗಲ್ ಸ್ಕೌಟ್ ಎಂಬುದು ಅಮೆರಿಕದ ಸ್ಕೌಟಿಂಗಿನ ಕೊನೆಯ ಮೆಟ್ಟಿಲು. 21 ಮೆರಿಟ್ ಬ್ಯಾಡ್ಜುಗಳ ಜೊತೆಗೆ ಒಂದು ಸೇವಾ ಯೋಜನೆ ಮುಗಿಸಬೇಕು. ಧಾರ್ಮಿಕ ಸಂಸ್ಥೆಗೆ, ಶಾಲೆಗೆ ಅಥವಾ ಊರಿಗೆ ಉಪಯೋಗವಾಗುವಂಥದ್ದು. 2019ರಿಂದ ಹುಡುಗಿಯರಿಗೂ ಈ ದಾರಿ ತೆರೆದಿದೆ. ಅಲ್ಲಿನ ಕನ್ನಡ ಮನೆಗಳ ಮಕ್ಕಳೂ ಸ್ಕೌಟಿಂಗ್‌ನಲ್ಲಿದ್ದಾರಲ್ಲ, ಅವರ ಅಪ್ಪ ಅಮ್ಮಂದಿರು ಗಮನಿಸಬೇಕಾದ ಸಂಗತಿ: ಧಾರ್ಮಿಕ ಸಂಸ್ಥೆ ತಮ್ಮದೇ ಧರ್ಮದ್ದಾಗಿರಬೇಕಿಲ್ಲ.

ಕೆಲಸ ಶುರುವಾಗುವ ಮುಂಚೆ ಪ್ರಸ್ತಾವಕ್ಕೆ ನಾಲ್ಕು ಕಡೆಯ ಒಪ್ಪಿಗೆ ಬೇಕು: ಫಲ ಪಡೆಯುವ ಸಂಸ್ಥೆ, ತುಕಡಿಯ ನಾಯಕ, ತುಕಡಿಯ ಸಮಿತಿ, ಆಮೇಲೆ ಸ್ಕೌಟಿಂಗಿನ ಸ್ಥಳೀಯ ಆಡಳಿತ (ಕೌನ್ಸಿಲ್ ಅಥವಾ ಡಿಸ್ಟ್ರಿಕ್ಟ್). ಸಹಿಗೆ ಮೊದಲು ಹಾಕಿದ ಮೊಳೆ ಲೆಕ್ಕಕ್ಕಿಲ್ಲ. ಹದಿನೆಂಟು ತುಂಬುವ ಮೊದಲು ಎಲ್ಲ ಮುಗಿಯಬೇಕು. ಇಷ್ಟು ಗಂಟೆ ದುಡಿಯಲೇಬೇಕೆಂಬ ಕಟ್ಟಳೆ ಇಲ್ಲ. ನೋಡುವುದು ಇವಳು ಬೇರೆಯವರನ್ನು ಮುನ್ನಡೆಸಿದಳೇ ಎಂಬುದನ್ನು. ಎಲ್ಲವನ್ನೂ ತಾನೇ ಕೊಯ್ದು ತಾನೇ ಜೋಡಿಸಿದರೆ ವೇದಿಕೆ ಎಷ್ಟು ಚೆನ್ನಾಗಿದ್ದರೂ ಯೋಜನೆ ಬಿದ್ದುಹೋಗಬಹುದು. ಮೇಜಿಗೆ ಕೂರಿಸಿದ ಗರಗಸದಂಥ (ಟೇಬಲ್ ಸಾ) ಯಂತ್ರಗಳನ್ನು ಹದಿನೆಂಟರ ಒಳಗಿನವರು ಮುಟ್ಟುವಂತಿಲ್ಲ. ಹಾಗಾಗಿ ವಿನ್ಯಾಸವೇ ನೇರ ಅಡ್ಡಗೊಯ್ತದಲ್ಲಿ ಮುಗಿಯುವಂತಿರಬೇಕು, ಕೈಗರಗಸ ಮತ್ತು ಡ್ರಿಲ್ ಸಾಲಬೇಕು. ಉದ್ದುದ್ದ ಸೀಳುವ ಕೆಲಸ ಇದ್ದರೆ ಮರದಂಗಡಿಯಲ್ಲೇ ಮಾಡಿಸಿಕೊಂಡು ಬರುವುದು ವಾಸಿ.

ಕೇಳಿಕೊಳ್ಳುವುದರಲ್ಲೇ ಮೊದಲ ಎಡವಟ್ಟು

ಮೊದಲ ಪ್ರಸ್ತಾವ ಬರೆದಾಗ ಅವಳ ಮನಸ್ಸಿನಲ್ಲಿದ್ದದ್ದು ಹೊಸ ಪ್ರಸಂಗಪೀಠ, ಮುಂಭಾಗದಲ್ಲಿ ಕೆತ್ತಿದ ಶಿಲುಬೆ. ಸಭಾಹಿರಿಯರಿಗೆ ಎರಡು ಪುಟದ ಇ-ಮೇಲ್ ಹೋಯಿತು. ಬಂದ ಉತ್ತರ ಒಂದು ಸಾಲು: ಬಂದು ನೋಡಿ. ಅಲ್ಲಿ ಎಷ್ಟೋ ಕಿವುಡರಿಗೆ ಇಂಗ್ಲಿಷ್ ಎರಡನೆಯ ಭಾಷೆ; ಸಂಜ್ಞೆ ಭಾಷೆಯ ವ್ಯಾಕರಣವೇ ಬೇರೆ. ಉದ್ದ ಪತ್ರ ಬರೆದು ‘ಅಭಿಪ್ರಾಯ ತಿಳಿಸಿ’ ಎಂದರೆ ಸೌಜನ್ಯದ ‘ಆಗಲಿ’ ಬರುತ್ತದೆ, ಅಭಿಪ್ರಾಯ ಬರುವುದಿಲ್ಲ.

ಎರಡನೆಯ ಸಲ ದುಭಾಷಿ ಇಟ್ಟುಕೊಂಡು ಮುಖಾಮುಖಿ ಕೂತರು. ದುಭಾಷಿ ಕೂರಬೇಕಾದ್ದು ಕೇಳುವವರ ಪಕ್ಕದಲ್ಲಿ, ತುಸು ಹಿಂದೆ; ಆಗ ಕಿವುಡರ ಕಣ್ಣಿಗೆ ಇಬ್ಬರೂ ಒಟ್ಟಿಗೆ ಸಿಗುತ್ತಾರೆ. ಮಾತಾಡುವಾಗ ನೋಡಬೇಕಾದ್ದು ಹಿರಿಯರ ಮುಖವನ್ನು. ‘ಅವರಿಗೆ ಹೇಳಿ’ ಎಂದು ದುಭಾಷಿಯ ಕಡೆ ತಿರುಗುವುದು ಹೊಸಬರು ಮಾಡುವ ತಪ್ಪು, ಎದುರಿಗಿದ್ದವರಿಗೆ ಅದು ಚುಚ್ಚುತ್ತದೆ. ದುಭಾಷಿಯ ಶುಲ್ಕವನ್ನು ಮರದ ಲೆಕ್ಕದಷ್ಟೇ ಗಂಭೀರವಾಗಿ ಬಜೆಟ್ಟಿನಲ್ಲಿ ಬರೆದಿಡಬೇಕು. ಇಡೀ ದಿನದ ಕೆಲಸಕ್ಕೆ ಇಬ್ಬರು ಬೇಕು. ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಒಬ್ಬರನ್ನೊಬ್ಬರು ಬಿಡಿಸಿಕೊಳ್ಳುವುದು ಆ ವೃತ್ತಿಯ ರೂಢಿ.

ಆ ಕೂಟದಲ್ಲಿ ಇನ್ನೊಂದೂ ಗೊತ್ತಾಯಿತು. ಸಭೆಯ ಹಿರಿಯರೊಬ್ಬರು ನಿವೃತ್ತ ಬಡಗಿ. ಇದರಲ್ಲಿ ಅಚ್ಚರಿಪಡುವಂಥದ್ದೇನಿಲ್ಲ. ಅಮೆರಿಕದ ಕಿವುಡರ ಶಾಲೆಗಳು ಬಹಳ ಕಾಲ ಮುದ್ರಣ, ಬಡಗಿ ಕೆಲಸ, ಚಮ್ಮಾರಿಕೆಯನ್ನು ಜೀವನೋಪಾಯಕ್ಕೆಂದೇ ಕಲಿಸಿದವು. ‘ಅವರಿಗೆ ಮಾಡಿಕೊಡಲು’ ಬಂದ ಸ್ಕೌಟ್‌ಗಳಿಗಿಂತ ಚೆನ್ನಾಗಿ ಉಳಿ ಹಿಡಿಯುವವರು ಆ ಕುರ್ಚಿಗಳಲ್ಲೇ ಕೂತಿದ್ದರು.

ಪೀಠದ ಯೋಚನೆ ಅಲ್ಲಿಗೇ ನಿಂತಿತು. ಸಭೆ ಕೇಳಿದ್ದು ಮೂರು: ಎಲ್ಲ ಕುರ್ಚಿಯಿಂದ ಸೊಂಟದವರೆಗೆ ಕಾಣುವಂಥ ವೇದಿಕೆ, ಕೈಗೆ ಅಡ್ಡ ಬಾರದ ಓದುಮಣೆ, ಬೆನ್ನ ಹಿಂದಿನ ಕಿಟಕಿಯ ಬೆಳಕನ್ನು ಮರೆಮಾಡುವ ಹಿನ್ನೆಲೆ ಹಲಗೆ.

ಎತ್ತರ 14 ಇಂಚು ಏಕೆ

ಕೂತವರ ಕಣ್ಣು ನೆಲದಿಂದ ಸುಮಾರು 46 ಇಂಚು, ನೆತ್ತಿ 50. ಅಂದರೆ ಮುಂದಿನವರ ತಲೆ ನಮ್ಮ ಕಣ್ಣಿಗಿಂತ 4 ಇಂಚು ಮೇಲೆ. ಹಳೆಯ ಜೋಡಣೆಯಲ್ಲಿ ಸಾಲುಗಳ ನಡುವೆ 36 ಇಂಚು, ಕುರ್ಚಿಗಳು ಒಂದರ ಹಿಂದೊಂದು. ಸನ್ನೆ ಮಾಡುವವರು ಮೊದಲ ಸಾಲಿನಿಂದ 8 ಅಡಿ, ಎಂದರೆ 96 ಇಂಚು ದೂರ. ಆರನೆಯ ಸಾಲಿಗೆ ಆ ದೂರ 276 ಇಂಚು. ಪ್ರತಿ 36 ಇಂಚಿಗೆ 4 ಇಂಚಿನಂತೆ ದೃಷ್ಟಿಗೆರೆ ಏರುತ್ತಾ ಹೋದರೆ ಅಲ್ಲಿಗೆ ಮುಟ್ಟುವಾಗ 46ಕ್ಕೆ ಸುಮಾರು 31 ಸೇರಿ 77 ಇಂಚು. ನೆಟ್ಟಗೆ ಕೂತರೆ ಆರಡಿ ಐದಿಂಚಿನ ಕೆಳಗಿನದೇನೂ ಕಾಣದು! ಜನ ಕತ್ತು ಓರೆ ಮಾಡಿಕೊಂಡೇ ಒಂದು ಗಂಟೆ ಕೂರುತ್ತಿದ್ದರು.

ಇದನ್ನು ಬರೀ ವೇದಿಕೆ ಎತ್ತರಿಸಿ ಗೆಲ್ಲಲು ಹೋದರೆ ಮಾಳಿಗೆ ಕಟ್ಟಬೇಕಾದೀತು. ಮೊದಲು ಕುರ್ಚಿ ಸರಿಯಬೇಕು. ಆರು ನೇರ ಸಾಲನ್ನು ಮುರಿದು ಮೂರು ಬಾಗುಸಾಲು ಮಾಡಿದರು: 9, 12, 15 ಕುರ್ಚಿ, ನಡುವೆ ಓಡಾಡಲು ಜಾಗ. ಸಾಲುಗಳ ನಡುವೆ 40 ಇಂಚು. ಪ್ರತಿ ಕುರ್ಚಿಯೂ ಮುಂದಿನ ಎರಡು ಕುರ್ಚಿಗಳ ಸಂದಿಗೆ ಎದುರಾಗುವಂತೆ ಇಟ್ಟರು. ಈಗ ಮೂರನೆಯ ಸಾಲಿನವರಿಗೆ ನೇರ ಅಡ್ಡ ಬರುವ ತಲೆ 80 ಇಂಚು ಮುಂದಿನ ಮೊದಲ ಸಾಲಿನದು; ಸನ್ನೆ ಮಾಡುವವರಿಗೆ ದೂರ 176 ಇಂಚು. ಲೆಕ್ಕ ಹಾಕಿದರೆ ದೃಷ್ಟಿಗೆರೆ ಸುಮಾರು 55 ಇಂಚಿನಲ್ಲಿ ಮುಟ್ಟುತ್ತದೆ. ನಿಂತವರ ಸೊಂಟ 40 ಇಂಚು ಎಂದು ಹಿಡಿದರೆ ವೇದಿಕೆ 15 ಇಂಚು ಬೇಕು. 14ಕ್ಕೆ ನಿಲ್ಲಿಸಿದ್ದು ಮೆಟ್ಟಿಲಿಗಾಗಿ: ತಲಾ 7 ಇಂಚಿನ ಎರಡು ಹೆಜ್ಜೆ ಸರಿಯಾಗಿ ಕೂರುತ್ತದೆ, ಇಳಿಜಾರಿಗೂ 14 ಅಡಿ ಸಾಕು.

ಬಾಗುಸಾಲಿನಿಂದ ಇನ್ನೊಂದು ಲಾಭ. ಸಭೆಯವರು ಪ್ರಾರ್ಥನೆಯ ಕೋರಿಕೆಯನ್ನು ಕೂತಲ್ಲಿಂದಲೇ ಸನ್ನೆಯಲ್ಲಿ ಹೇಳಿದರೆ ಉಳಿದವರಿಗೆ ಕಾಣುತ್ತದೆ. ನೇರ ಸಾಲಿನಲ್ಲಿ ಕಾಣುವುದು ಬೆನ್ನು ಮಾತ್ರ. ವಾಷಿಂಗ್ಟನ್ನಿನ ಗ್ಯಾಲೊಡೆಟ್ ವಿಶ್ವವಿದ್ಯಾಲಯದಲ್ಲಿ 2005ರಿಂದ ಬೆಳೆದ ‘ಡೆಫ್‌ಸ್ಪೇಸ್’ ಎಂಬ ಕಟ್ಟಡ ವಿನ್ಯಾಸದ ಚಿಂತನೆ ಒತ್ತಿ ಹೇಳುವುದೂ ಇದನ್ನೇ: ನೋಟದ ಹರವು, ಬೆಳಕು, ಬಣ್ಣ, ಕಂಪನ.

ಲೆಕ್ಕ ಕಾಗದದ ಮೇಲೆ ಸರಿ ಬಂದರೂ ಮರ ಕೊಳ್ಳುವ ಮೊದಲು ಹಾಲಿನಲ್ಲೇ ಅಣಕು ವೇದಿಕೆ ಮಾಡಿ ನೋಡಬೇಕು. ನೆಲಕ್ಕೆ ಮಾಸ್ಕಿಂಗ್ ಟೇಪಿನಲ್ಲಿ ಗಡಿ ಎಳೆದು, ನಡುವೆ ಗಟ್ಟಿ ಪೆಟ್ಟಿಗೆಗಳ ಮೇಲೆ ಪ್ಲೈವುಡ್ ಹಾಸಿ ಒಬ್ಬರನ್ನು ನಿಲ್ಲಿಸಿದರು. ಪರೀಕ್ಷೆಗೆಂದು ಹುಡುಗಿ ಆರಿಸಿದ್ದು ಬೆರಳಕ್ಷರ, ಎಂದರೆ ಪದವನ್ನು ಒಂದೊಂದೇ ಅಕ್ಷರವಾಗಿ ಬೆರಳಲ್ಲಿ ತೋರಿಸುವುದು. ಒಂದೊಂದು ಕುರ್ಚಿಯಿಂದಲೂ ಒಂದೊಂದು ಪದ ಓದಿಸಿದಳು, ಎಲ್ಲರೂ ಪಾಸು. ಅದು ಪಾಸಾಗಲೇಬೇಕಾದ ಪರೀಕ್ಷೆ. ಅಮೆರಿಕನ್ ಬೆರಳಕ್ಷರ ಒಂದೇ ಕೈಯದು, ಭುಜದ ಹತ್ತಿರ ಮಾಡುವಂಥದ್ದು. ಅದು ಹಳೆಯ ಪೀಠದ ಹಿಂದಿನಿಂದಲೂ ಕಾಣುತ್ತಿತ್ತು! ತೊಡೆ ತಟ್ಟಿ ಮಾಡುವ ‘ನಾಯಿ’, ಸೊಂಟಕ್ಕಿಳಿಯುವ ‘ಕರ್ತ’, ‘ಅರಸ’ ಮಾಡಿಸಿದ ಮೇಲೆ ನಿಜ ಹೊರಬಿತ್ತು: ಮೂರನೆಯ ಸಾಲಿನ ಎರಡು ತುದಿಯ ಕುರ್ಚಿಗಳಿಗೆ ಕೈ ಕೆಳಗಿಳಿದಾಗ ಕಾಣದು. ಆ ಎರಡನ್ನೂ ಒಂದೂವರೆ ಅಡಿ ಒಳಕ್ಕೆ ಎಳೆದು ನೆಲದಲ್ಲಿ ಗುರುತು ಹಾಕಿದರು. (ಭಾರತೀಯ ಸಂಜ್ಞೆ ಭಾಷೆಯಲ್ಲಿ ಇಂಗ್ಲಿಷ್ ಬೆರಳಕ್ಷರಕ್ಕೇ ಎರಡೂ ಕೈ ಬೇಕು. ನಮ್ಮಲ್ಲಿ ಯಾರಾದರೂ ಇಂಥದ್ದು ಮಾಡುವುದಾದರೆ ಎದೆಯ ಮುಂದಿನ ಜಾಗವನ್ನು ಇನ್ನೂ ಧಾರಾಳವಾಗಿ ಬಿಡಬೇಕು.)

ಮರದ ಪಟ್ಟಿ

ವೇದಿಕೆ 12 ಅಡಿ ಅಗಲ, 8 ಅಡಿ ಆಳ. ಒಂದೇ ತುಂಡಾಗಿ ಕಟ್ಟಿದರೆ ಬಾಗಿಲಲ್ಲಿ ಹಾಯದು, ನಾಳೆ ಸಭೆ ಬೇರೆ ಕಟ್ಟಡಕ್ಕೆ ಹೋದರೆ ಒಡೆಯಬೇಕಾಗುತ್ತದೆ. ಹಾಗಾಗಿ 4 ಅಡಿ ಅಗಲ 8 ಅಡಿ ಉದ್ದದ ಮೂರು ಮಂಚಗಳು, ಒಂದೊಂದಕ್ಕೂ ಒಂದು ಇಡೀ ಪ್ಲೈವುಡ್ ಹಾಳೆ, ಕೊಯ್ಯುವ ಕೆಲಸವೇ ಇಲ್ಲ.

ಒಂದು ಮಂಚದ ಚೌಕಟ್ಟಿಗೆ 2×6 (ಇಂಚಿನಲ್ಲಿ ದಪ್ಪ, ಅಗಲದ ಹೆಸರು; ನಿಜದ ಅಳತೆ ಮುಂದೆ ಹೇಳಿದೆ) ಮರದ 96 ಇಂಚಿನ ಎರಡು ಉದ್ದಪಟ್ಟಿ, ನಡುವೆ 16 ಇಂಚಿಗೊಂದರಂತೆ 45 ಇಂಚಿನ ಏಳು ಅಡ್ಡಪಟ್ಟಿ. ಒಂದು 8 ಅಡಿ ಮರದಲ್ಲಿ ಎರಡು ಅಡ್ಡಪಟ್ಟಿ ಸಿಗುತ್ತವೆ. ಮೂರು ಮಂಚಕ್ಕೆ ಉದ್ದಪಟ್ಟಿ 6, ಅಡ್ಡಪಟ್ಟಿಗೆ 11, ಒಟ್ಟು 17 ಮರ. ಎರಡು ಹೆಚ್ಚಿಗೆ, ಏಕೆಂದರೆ ರಾಶಿಯಲ್ಲಿ ತಿರುಚಿದ್ದು ಬಂದೇ ಬರುತ್ತದೆ. ಮರವನ್ನು ಒಂದು ತುದಿಯಿಂದ ಕಣ್ಣಿಟ್ಟು ನೋಡಿಯೇ ಎತ್ತಿಕೊಳ್ಳಬೇಕು. ಒಣಗಿಸಿದ ಸಾದಾ ಸ್ಪ್ರೂಸ್ ಅಥವಾ ಪೈನ್ ಸಾಕು. ‘ಗಟ್ಟಿ ಇರುತ್ತೆ’ ಎಂದು ಔಷಧಿ ಹಾಕಿದ ಹೊರಾಂಗಣದ ಮರ ತಂದರೆ ಅದು ಹಸಿ ಇರುತ್ತದೆ, ಒಳಗೆ ಒಣಗಿ ಕುಗ್ಗಿ ಕೀಲುಗಳನ್ನೆಲ್ಲ ಸಡಿಲಿಸುತ್ತದೆ.

ಕಾಲು ಮಂಚಕ್ಕೆ ಆರು, ಒಟ್ಟು ಹದಿನೆಂಟು. ಪ್ರತಿ ಕಾಲಿಗೂ 2×4 ಮರದ ಎರಡು ತುಂಡು: 13 ಇಂಚಿನದು ಒಳಗಡೆ, ಉದ್ದಪಟ್ಟಿಗೆ ಅಂಟಿಕೊಂಡು; ಏಳೂವರೆ ಇಂಚಿನದು ಅದರ ಹೊರಮೈಗೆ, ಉದ್ದಪಟ್ಟಿಯ ಅಡಿಗೆ ಆನಿಕೆಯಾಗಿ. ಭಾರ ಸಣ್ಣ ತುಂಡಿನ ಮೇಲೆ ನೇರ ಕೂರುತ್ತದೆ, ಸ್ಕ್ರೂ ಹಿಡಿದುಕೊಳ್ಳುತ್ತದೆ ಅಷ್ಟೇ. ಕಚ್ಚು ಕೊಯ್ಯುವ ಗೊಡವೆ ಇಲ್ಲ. ಇದಕ್ಕೆ 8 ಅಡಿಯ ಐದು ಮರ. ಎತ್ತರದ ಲೆಕ್ಕ: ಅಡಿಗೆ ಕಾಲು ಇಂಚಿನ ರಬ್ಬರ್ ಬಿಲ್ಲೆ, ಏಳೂವರೆ ಕಾಲು, ಐದೂವರೆ ಪಟ್ಟಿ, ಮುಕ್ಕಾಲು ಪ್ಲೈವುಡ್. ಕೂಡಿದರೆ 14.

ಸ್ಕ್ರೂ: ಚೌಕಟ್ಟಿಗೆ 3 ಇಂಚಿನವು ಸುಮಾರು 130, ಕಾಲಿಗೆ ಎರಡೂವರೆ ಇಂಚಿನವು 150, ಪ್ಲೈವುಡ್ಡಿಗೆ 2 ಇಂಚಿನವು 200. ಅಂಚಿನಲ್ಲಿ 6 ಇಂಚಿಗೊಂದು, ನಡುವೆ 12 ಇಂಚಿಗೊಂದು. ಮಂಚಗಳನ್ನು ಬಿಗಿಯಲು ⅜ ಇಂಚು ದಪ್ಪ 4 ಇಂಚು ಉದ್ದದ ಬೋಲ್ಟು 6, ಅಗಲ ವಾಷರು 12. ಪ್ಲೈವುಡ್ ಹಾಸುವ ಮೊದಲು ಪ್ರತಿ ಪಟ್ಟಿಯ ಮೇಲೂ ಅಂಟಿನ ಗೆರೆ.

ಕೊನೆಯದನ್ನು ಕೆಲವರು ಬಿಡುತ್ತಾರೆ. ಕಿರುಗುಟ್ಟುವ ಸದ್ದು ಕಿವುಡರಿಗೆ ಕೇಳಿಸದಲ್ಲ, ಅಂಟು ಯಾಕೆ ಎಂಬ ವಾದ. ಸದ್ದು ಬರುವುದು ಹಲಗೆ ಅಲುಗಿದ್ದರಿಂದ. ಆ ಅಲುಗಾಟ ಪಾದಕ್ಕೆ ಸಿಗುತ್ತದೆ, ಪಾದದಿಂದ ಬರುವ ಸುದ್ದಿಗೆ ಅಲ್ಲಿ ಬೆಲೆ ಇದೆ. ಎಷ್ಟೋ ಕಿವುಡರ ಸಭೆಗಳಲ್ಲಿ ಸನ್ನೆಯ ಹಾಡಿಗೆ ದೊಡ್ಡ ಡ್ರಮ್ ಬಡಿಯುತ್ತಾರೆ, ತಾಳ ಮೈಗೆ ಮುಟ್ಟಲೆಂದು. ಕಾಂಕ್ರೀಟ್ ನೆಲ ಕಂಪನವನ್ನು ಸಾಗಿಸದು. ಟೊಳ್ಳು ಮರದ ವೇದಿಕೆ ಚೆನ್ನಾಗಿ ಸಾಗಿಸುತ್ತದೆ. ಅದಕ್ಕೇ ಇಲ್ಲಿ ಡ್ರಮ್ ವೇದಿಕೆಯ ಮೇಲೆ, ಹಾಡುವ ತಂಡವೂ ಅದರ ಮೇಲೆ. ಸದ್ದು ತಗ್ಗಿಸಲು ವೇದಿಕೆಯೊಳಗೆ ಉಣ್ಣೆಯಂಥ ತುಂಬು ತುರುಕುವ ರೂಢಿ ಬಡಗಿಗಳಲ್ಲಿದೆ. ಇಲ್ಲಿ ಬೇಕೆಂದೇ ಖಾಲಿ ಬಿಟ್ಟರು.

ಒಂದಿಂಚಿನ ಕಥೆ

ಮೊದಲ ಶನಿವಾರ ಆರು ಸ್ಕೌಟ್‌ಗಳು, ಸಭೆಯ ನಾಲ್ವರು, ಇಬ್ಬರು ದೊಡ್ಡವರು, ದುಭಾಷಿಗಳು. ಮೊದಲ ಮಂಚಕ್ಕೆ ಏಳು ಅಡ್ಡಪಟ್ಟಿ ಕೊಯ್ದರು. ಜೋಡಿಸಿ ಮೇಲೆ ಪ್ಲೈವುಡ್ ಇಟ್ಟರೆ ಹಾಳೆ ಒಂದಿಂಚು ಹೊರಗೆ ಚಾಚಿಕೊಂಡಿತು. ಕಾರಣ ಅವಳು ಮೊದಲು ಬರೆದ ಕೊಯ್ಯುವ ಪಟ್ಟಿಯಲ್ಲಿತ್ತು (ಮೇಲೆ ಕೊಟ್ಟದ್ದು ತಿದ್ದಿದ ಪಟ್ಟಿ). 2×6 ಎಂದು ಮಾರುವ ಮರ ರಂದ ಹೊಡೆದ ಮೇಲೆ ನಿಜಕ್ಕೆ ಒಂದೂವರೆ ಇಂಚು ದಪ್ಪ, ಐದೂವರೆ ಅಗಲ. ಹುಡುಗಿ ಹೆಸರನ್ನೇ ಅಳತೆ ಎಂದು ನಂಬಿ 48ರಲ್ಲಿ 4 ಕಳೆದು 44 ಬರೆದಿದ್ದಳು. ಕಳೆಯಬೇಕಿದ್ದದ್ದು 3. ಅದೇ ಬಗೆಯಲ್ಲಿ ಮುಕ್ಕಾಲು ಇಂಚಿನ ಪ್ಲೈವುಡ್ 23/32 ಇಂಚು ಇರುತ್ತದೆ. ಅದು ಇಲ್ಲಿ ತೊಂದರೆ ಕೊಡದು, ಮರದಲ್ಲಿ ತೋಡು ಕೊರೆದು ಹಲಗೆ ಕೂರಿಸುವ ಕಡೆ ಕೊಟ್ಟೇ ಕೊಡುತ್ತದೆ.

ಏಳು ತುಂಡು ವ್ಯರ್ಥವಾಗಲಿಲ್ಲ. ಮೆಟ್ಟಿಲು ಪೆಟ್ಟಿಗೆಯ ಚೌಕಟ್ಟಿಗೆ ಅವೇ ಆದವು: 2×6 ಮೇಲೆ ಎರಡು ಪದರ ಪ್ಲೈವುಡ್, ಒಟ್ಟು 7 ಇಂಚು. ಆದರೂ ನಾಲ್ಕು ಮರ ಮತ್ತೆ ಕೊಳ್ಳಬೇಕಾಯಿತು. ಕೊಯ್ಯುವ ಪಟ್ಟಿ ಬರೆಯುವ ಮೊದಲು ಅಂಗಡಿಗೆ ಹೋಗಿ ಒಂದು ತುಂಡಿಗೆ ಟೇಪು ಹಿಡಿದು ಬಂದಿದ್ದರೆ ಸಾಕಿತ್ತು. ಒಂದು ಚೌಕಟ್ಟು ಪೂರ್ತಿ ಜೋಡಿಸಿ, ಮೂಲೆಯಿಂದ ಮೂಲೆಗೆ ಕರ್ಣ ಅಳೆದು ಎರಡೂ ಸಮ ಬಂದ ಮೇಲಷ್ಟೇ ಉಳಿದವನ್ನು ಕೊಯ್ಯಬೇಕು. ಮೂಲೆಮಟ್ಟಕ್ಕಿಂತ ಕರ್ಣವನ್ನೇ ನಂಬುವುದು ಮೇಲು.

ಗರಗಸದ ಹತ್ತಿರ ಮಾತು

ಸಮಯದ ಅಂದಾಜೂ ತಪ್ಪಿತು. ಆರು ಗಂಟೆಯಲ್ಲಿ ಮೂರು ಚೌಕಟ್ಟು ಎಂದುಕೊಂಡಿದ್ದರು, ಆದದ್ದು ಒಂದೂವರೆ. ಮರದ ತಪ್ಪು ಸ್ವಲ್ಪ. ಹೆಚ್ಚು ಹೊತ್ತು ಹೋದದ್ದು ಹೇಳಿಕೊಡುವ ಬಗೆಯಲ್ಲಿ. ಕೇಳುವವರು ಡ್ರಿಲ್ ಹಿಡಿದು ತೋರಿಸುತ್ತಲೇ ‘ಇಲ್ಲಿ ತೂತು, ಅಂಚಿನಿಂದ ಮುಕ್ಕಾಲಿಂಚು’ ಎನ್ನುತ್ತಾರೆ. ಕಿವುಡರು ಆಗ ಡ್ರಿಲ್ ನೋಡಬೇಕೋ ದುಭಾಷಿಯನ್ನೋ? ಒಂದು ತಪ್ಪಿಹೋಗುತ್ತದೆ. ಎರಡನೆಯ ಶನಿವಾರದಿಂದ ಪದ್ಧತಿ ಬದಲಾಯಿತು. ಎಲ್ಲರೂ ಅರ್ಧವೃತ್ತದಲ್ಲಿ ನಿಲ್ಲುವುದು. ಮೊದಲು ಹೇಳಿ ಮುಗಿಸುವುದು. ಆಮೇಲೆ ಬಾಯಿ ಮುಚ್ಚಿ ಮಾಡಿ ತೋರಿಸುವುದು. ಆಮೇಲೆ ಪ್ರಶ್ನೆ. ಕೊಯ್ಯುವ ಪಟ್ಟಿಯನ್ನು ದೊಡ್ಡ ಹಾಳೆಯಲ್ಲಿ ಚಿತ್ರವಾಗಿ ಬರೆದು ಗೋಡೆಗೆ ಹಚ್ಚಿ, ತುಂಡುಗಳಿಗೆ ಬಣ್ಣದ ಸೀಮೆಸುಣ್ಣದ ಗುರುತು ಹಾಕಿದ ಮೇಲೆ ಕೇಳುವ ಸ್ಕೌಟ್‌ಗಳ ಕೆಲಸವೂ ಬಿರುಸಾಯಿತು.

ಸುರಕ್ಷತೆಯ ನಿಯಮಗಳು ಸಾಮಾನ್ಯ ಕಾರ್ಖಾನೆಯದಕ್ಕಿಂತ ಬೇರೆ. ಕೂಗಿ ಎಚ್ಚರಿಸುವುದು ಲೆಕ್ಕಕ್ಕಿಲ್ಲ. ‘ನಿಲ್ಲಿಸು’ ಎಂದರೆ ಹಾಲಿನ ದೀಪ ಆರಿಸಿ ಹಚ್ಚುವುದು; ಅದಕ್ಕೊಬ್ಬರು ಸ್ವಿಚ್ಚಿನ ಬಳಿ ಸದಾ ಇರಬೇಕು. ದೀಪ ಪೂರ್ತಿ ಕತ್ತಲಾಗುವ ಹಾಲಾದರೆ ಒಂದೇ ಸಾಲಿನ ದೀಪವನ್ನು ಬಳಸಬೇಕು, ಗರಗಸದ ಮುಂದೆ ಕತ್ತಲು ಮಾಡುವುದು ಎಚ್ಚರಿಕೆಯಲ್ಲ, ಅಪಾಯ. ಯಂತ್ರ ನಡೆಸುವವರ ಹೆಗಲನ್ನು ಹಿಂದಿನಿಂದ ತಟ್ಟಲೇಬಾರದು. ಸುತ್ತುಬಳಸಿ ಎದುರಿಗೆ ಬಂದು, ಕಣ್ಣಿಗೆ ಬಿದ್ದ ಮೇಲೆ ಕೈ ಬೀಸುವುದು. ಸನ್ನೆ ಮಾಡುವ ಮುಂಚೆ ಉಪಕರಣ ಮೇಜಿನ ಮೇಲೆ. ಡ್ರಿಲ್ ಕೈಯಲ್ಲಿಟ್ಟುಕೊಂಡು ಒಂಟಿ ಕೈಯಲ್ಲಿ ಮಾತಾಡುವವರನ್ನು ಆ ನಿವೃತ್ತ ಬಡಗಿಯೇ ಗದರಿಸುತ್ತಿದ್ದರು, ಹುಬ್ಬಿನಲ್ಲೇ.

ಹುಬ್ಬಿನ ಮಾತು ತಮಾಷೆಯಲ್ಲ. ಅಮೆರಿಕನ್ ಸಂಜ್ಞೆ ಭಾಷೆಯಲ್ಲಿ ಹೌದು-ಅಲ್ಲ ಎಂಬ ಉತ್ತರದ ಪ್ರಶ್ನೆಗೆ ಹುಬ್ಬು ಏರಬೇಕು, ‘ಏನು’, ‘ಎಲ್ಲಿ’ ಎಂಬುದಕ್ಕೆ ಗಂಟಿಕ್ಕಬೇಕು. ಅದು ವ್ಯಾಕರಣ. ಆದ್ದರಿಂದ ಕಣ್ಣಿನ ರಕ್ಷಣೆಯ ಕನ್ನಡಕ ತಿಳಿಗಾಜಿನದೇ ಆಗಬೇಕು, ಕಪ್ಪು ಬೇಡ. ಧೂಳಿನ ಎನ್-95 ಮಾಸ್ಕು ಬಾಯಿಯ ಚಹರೆಯನ್ನು ಮುಚ್ಚುತ್ತದೆ. ಸ್ಯಾಂಡಿಂಗ್ ಮಾಡುವಾಗ ತೆಗೆಯುವಂತಿಲ್ಲ, ಮಾತಿಗೆ ಹೊರಗೆ ಬಂದು ತೆಗೆಯಬೇಕು. ಕೈಗವಸು ಮರ ಹೊರುವಾಗ ಮಾತ್ರ.

ಓದುಮಣೆ

ಚಿಕ್ಕದು, ಆದರೆ ಎಲ್ಲಕ್ಕಿಂತ ಹೆಚ್ಚು ಚರ್ಚೆ ಇದಕ್ಕೇ ನಡೆಯಿತು. ಸನ್ನೆಯಲ್ಲಿ ಪ್ರಸಂಗ ಮಾಡುವವರಿಗೆ ಪುಸ್ತಕ ಹಿಡಿಯಲು ಕೈ ಬಿಡುವಿಲ್ಲ, ತಲೆ ತಗ್ಗಿಸಿ ಓದುತ್ತಿದ್ದರೆ ಮುಖ ಕಾಣದು. ಮಣೆ ಸೊಂಟಕ್ಕಿಂತ ಕೆಳಗಿರಬೇಕು, ಕಣ್ಣೋಟಕ್ಕೆ ಸಿಗಬೇಕು, ಎದುರಿಗೆ ಬಾರದೆ ಓರೆಯಲ್ಲಿರಬೇಕು. ಅಳತೆ: ಮೇಲ್ಹಲಗೆ 16 ಇಂಚು ಅಗಲ 12 ಇಂಚು ಆಳ, 30 ಡಿಗ್ರಿ ವಾಲು, ಓದುವವರ ಕಡೆಯ ಅಂಚು 26 ಇಂಚು, ಸಭೆಯ ಕಡೆಯದು 32. ಅರ್ಧ ಇಂಚಿನ ತಡೆಪಟ್ಟಿ. ಒಂದೇ ಕಂಬ, 4×4. ಬುಡಕ್ಕೆ 16 ಇಂಚಿನ ಚೌಕ ಪ್ಲೈವುಡ್ ಎರಡು ಪದರ. ಮೇಲ್ಹಲಗೆ, ತಡೆಪಟ್ಟಿ ಪಾಪ್ಲರ್. ಅಂಚುಗಳೆಲ್ಲ ಕಾಲಿಂಚಿನಷ್ಟು ಉರುಟು, ಎಮರಿ ಕಾಗದ 80, 120, 180 ಈ ಕ್ರಮದಲ್ಲಿ, ಒರಟಿನಿಂದ ನಯಕ್ಕೆ. ದಿನವಿಡೀ ಕೈಯಲ್ಲೇ ಮಾತಾಡುವವರಿಗೆ ಒಂದು ಸಿಬರು ಚುಚ್ಚಿದರೂ ಅದು ನಾಲಿಗೆ ಕಚ್ಚಿಕೊಂಡಂತೆ.

ಇಷ್ಟು ತಗ್ಗಿನಲ್ಲಿ ಸಾಮಾನ್ಯ ಅಕ್ಷರ ಓದಲಾಗದು ಎಂಬ ದೂರು ಬಂತು, ನ್ಯಾಯವಾದದ್ದೇ. ಮಣೆ ಎತ್ತರಿಸದೆ ಟಿಪ್ಪಣಿಯನ್ನು 28 ಪಾಯಿಂಟಿನಲ್ಲಿ ಮುದ್ರಿಸಿಕೊಳ್ಳುವುದೆಂದಾಯಿತು. ಪುಟ ತಿರುಗಿಸುವುದು ಹೆಚ್ಚುತ್ತದೆ. ಸಭಾಪಾಲಕರು (ಪಾದ್ರಿ) ಅದಕ್ಕೆ ಒಪ್ಪಿದರು.

ಬಣ್ಣದಲ್ಲಿ ಇನ್ನೊಂದು ಪೆಟ್ಟು. ದಾನಕ್ಕೆ ಬಂದ ಪಾಲಿಯುರೆಥೇನ್ ಡಬ್ಬಿ ಹೊಳಪಿನದು. ಹಚ್ಚಿ ಮೂರು ದಿನ ಒಣಗಿದ ಮೇಲೆ ದೀಪ ಹಾಕಿದರೆ ಮಣೆಯ ವಾಲುಮುಖ ಕನ್ನಡಿಯಂತೆ ಮಿಂಚಿ ಕಣ್ಣು ಕೋರೈಸಿತು. 220ರ ಎಮರಿಯಲ್ಲಿ ಉಜ್ಜಿ ಮ್ಯಾಟ್ ಪದರ ಕೊಡಬೇಕಾಯಿತು. ಕಿವಿಗೆ ಸದ್ದು ಗದ್ದಲವಾದಂತೆ ಸಂಜ್ಞೆ ಓದುವ ಕಣ್ಣಿಗೆ ಹೊಳಪು ಗದ್ದಲ. ವೇದಿಕೆಯ ನೆಲಕ್ಕೂ ಮಾಸಲು ಬೂದು ಮ್ಯಾಟ್.

ಹಿನ್ನೆಲೆ ಹಲಗೆಗೆ 1×4 ಚೌಕಟ್ಟು, ಕಾಲಿಂಚಿನ ಪ್ಲೈವುಡ್. 4 ಅಡಿ ಅಗಲ 7 ಅಡಿ ಎತ್ತರದ ಮೂರು. ಬಣ್ಣ ಮಂದ ನೀಲಿ. ಬಿಳಿಯರ ಕೈಯೂ ಕರಿಯರ ಕೈಯೂ ಅದರ ಮುಂದೆ ಎದ್ದು ಕಾಣುತ್ತವೆ. ಬಿಳಿ ಗೋಡೆ, ಮರದ ಕಂದು, ಎರಡೂ ಯಾರದಾದರೂ ಕೈಯನ್ನು ನುಂಗುತ್ತವೆ. ಹಲಗೆಗಳನ್ನು ವೇದಿಕೆಯ ಹಿಂಪಟ್ಟಿಗೆ ಬೋಲ್ಟಿನಲ್ಲಿ ಬಿಗಿದು, ಮೇಲ್ತುದಿಯನ್ನು ಎರಡು ಕಡೆ ಗೋಡೆಗೆ ಕಟ್ಟಿದರು. ಇಲ್ಲವಾದರೆ ಡ್ರಮ್ಮಿನ ಏಟಿಗೆ ಅವೂ ತೂಗುತ್ತವೆ, ನೋಡುವವರ ಕಣ್ಣು ಅತ್ತ ಜಾರುತ್ತದೆ.

ಇಳಿಜಾರು, ಮತ್ತು ನಡುಗೆರೆಯ ಜಗಳ

ಅಮೆರಿಕದ 1990ರ ಅಂಗವಿಕಲರ ಕಾಯ್ದೆಯಿಂದ ಧಾರ್ಮಿಕ ಸಂಸ್ಥೆಗಳಿಗೆ ವಿನಾಯಿತಿ ಇದೆ. ಹಾಗೆಂದು ಮೆಟ್ಟಿಲೊಂದೇ ಸಾಕೆನ್ನಲು ಸಭೆ ಒಪ್ಪಲಿಲ್ಲ, ಕಣ್ಣೂ ಮಂದವಾದ ಹಿರಿಯರಿದ್ದರು. 1ಕ್ಕೆ 12ರ ಇಳಿಜಾರಿನಂತೆ 14 ಇಂಚಿಗೆ 14 ಅಡಿ. ಕೆಳಗೆ 5 ಅಡಿ ಸಮತಟ್ಟು. ಎರಡೂ ಕಡೆ 34ರಿಂದ 38 ಇಂಚು ಎತ್ತರದ ಕೈಹಿಡಿ. ಓರೆಯಾಗಿ ಸೀಳುವ ಪಟ್ಟಿಗಳಿರುವುದರಿಂದ ಇದನ್ನು ಯೋಜನೆಯಿಂದ ಹೊರಗಿಟ್ಟು ಸಭೆಯ ಬಡಗಿಗೇ ಬಿಟ್ಟರು. ಸರಿಯಾದ ತೀರ್ಮಾನ.

ಆದರೆ ಜಾಗದ ಲೆಕ್ಕ ಹುಡುಗಿಯದೇ. ಎಡ ಗೋಡೆಯಿಂದ ಸಮತಟ್ಟು 5, ಇಳಿಜಾರು 14, ವೇದಿಕೆ 12 ಸೇರಿ 31 ಅಡಿ. 44 ಅಡಿಯ ಹಾಲಿನಲ್ಲಿ ವೇದಿಕೆಯ ನಡು ಹಾಲಿನ ನಡುವಿನಿಂದ 3 ಅಡಿ ಬಲಕ್ಕೆ ಸರಿಯುತ್ತದೆ. ಗೋಡೆಯ ಶಿಲುಬೆ ನಡುವಿನಲ್ಲಿತ್ತು. ಇಬ್ಬರು ಹಿರಿಯರಿಗೆ ಇದು ಸುತರಾಂ ಇಷ್ಟವಾಗಲಿಲ್ಲ. ಶಿಲುಬೆಯನ್ನೇ ನೀಲಿ ಹಲಗೆಯ ಮೇಲ್ಭಾಗಕ್ಕೆ ಸರಿಸಿದ ಮೇಲೆ ಒಪ್ಪಿದರು. ಇಳಿಜಾರನ್ನು ವೇದಿಕೆಯ ಹಿಂಬದಿಯ ನಾಲ್ಕಡಿಗೆ ಸೇರಿಸಿದ್ದು ಇನ್ನೂ ಮುಖ್ಯ. ಮುಂದಕ್ಕೆ ಬಂದಿದ್ದರೆ ಕೈಹಿಡಿಯೇ ಎಡಗಡೆಯವರ ನೋಟಕ್ಕೆ ಅಡ್ಡ ಬೀಳುತ್ತಿತ್ತು.

ಕೂರಿಸುವ ದಿನ

ಮೂರನೆಯ ಶನಿವಾರ ಮಂಚಗಳನ್ನು ಒತ್ತಟ್ಟಿಗೆ ಇಟ್ಟು ಕ್ಲಾಂಪಿನಲ್ಲಿ ಬಿಗಿದು, ಆಮೇಲೆ ಎರಡೂ ಪಟ್ಟಿಗಳನ್ನು ಒಟ್ಟಿಗೆ ಹಾಯುವಂತೆ ತೂತು ಕೊರೆದರು. ಬೇರೆ ಬೇರೆ ಕೊರೆದು ತಂದರೆ ತೂತಿಗೆ ತೂತು ಕೂಡುವುದಿಲ್ಲ. ಕಾಂಕ್ರೀಟ್ ನೆಲ 12 ಅಡಿಯಲ್ಲಿ ⅜ ಇಂಚು ತಗ್ಗಿತ್ತು, ನಡುಮಂಚ ಕುಂಟಿತು. ರಸಮಟ್ಟ ಇಟ್ಟು, ಎರಡು ಕಾಲಿಗೆ ತೆಳು ಪ್ಲೈವುಡ್ ಚೂರು ಅಂಟಿಸಿ ಸರಿಮಾಡಿದರು. ಮುಂದಂಚಿಗೆ ಎರಡು ಇಂಚಿನ ಹಳದಿ ಪಟ್ಟಿ, ಅದರ ಹಿಂದೆ ಒಂದಡಿ ಒರಟು ಜಾರುತಡೆ ಟೇಪು. ಸನ್ನೆ ಮಾಡುವವರು ಕಾಲಕೆಳಗೆ ನೋಡುವುದಿಲ್ಲ. ಅಂಚು ಹತ್ತಿರ ಬಂತೆಂದು ಅಂಗಾಲಿಗೇ ಗೊತ್ತಾಗಬೇಕು.

ಧ್ವನಿ ದುಭಾಷಿಗೆ ಮೊದಲ ಸಾಲಿನ ನಡುಕುರ್ಚಿ ಮೀಸಲಾಯಿತು. ಕೇಳುವ ಅತಿಥಿಗಳಿಗಾಗಿ ಸನ್ನೆಯನ್ನು ಮಾತಿಗಿಳಿಸುವವರು ಅವರು. ಅವರನ್ನು ವೇದಿಕೆಯ ಮೇಲೆ ನಿಲ್ಲಿಸುವ ಚಪಲ ಕೇಳುವವರಿಗೆ ಬರುತ್ತದೆ. ಅವರು ಸನ್ನೆಯನ್ನು ಎದುರಿನಿಂದ ನೋಡಬೇಕಲ್ಲ!

ಒಪ್ಪಿಸುವಾಗ ಕೊಟ್ಟ ಹಾಳೆಯಲ್ಲಿ ಕುರ್ಚಿಗಳ ನಕ್ಷೆ, ಬಣ್ಣದ ಡಬ್ಬಿಗಳ ಸಂಖ್ಯೆ, ಬಿಚ್ಚುವ ಕ್ರಮ ಇದ್ದವು. ಕೊನೆಯಲ್ಲಿ ಬೋಲ್ಟಿನ ಸೂಚನೆ: ಚಳಿಗಾಲದಲ್ಲಿ ಹೀಟರ್ ಹಚ್ಚಿದಾಗ ಮರ ಒಣಗಿ ಕುಗ್ಗುತ್ತದೆ, ಮೊದಲ ವರ್ಷ ಆರೂ ಬೋಲ್ಟು ಕಾಲು ಸುತ್ತಾದರೂ ಸಡಿಲವಾಗುತ್ತದೆ. ಅದಕ್ಕೆ ಸರಿಹೊಂದುವ 9/16 ಇಂಚಿನ ಸ್ಪ್ಯಾನರನ್ನು ಹಿಂಪಟ್ಟಿಯ ಒಳಮೈಗೆ ಮೊಳೆ ಹೊಡೆದು ನೇತುಹಾಕಿದೆ, ಎಡಗಡೆಯ ಮಂಚದಲ್ಲಿ.